ಮಾದರಿ ರೈಲಿನ ನಾದ

ಎರಡು ಸಿಲಿಂಡರಿನ ಉಗಿ ಎಂಜಿನು ಚಕ್ರದ ಒಂದು ಸುತ್ತಿಗೆ 4 ಬಾರಿ ಉಸಿರುಗರೆವುದು. ಆ ನಾದವನ್ನು ನಿಜದ 87ನೆಯ ಒಂದಂಶದಷ್ಟಿರುವ ಎಚ್.ಓ. ಮಾದರಿಯಲ್ಲಿಯೂ ಕೇಳಬಯಸುವ ಗೃಹಸ್ಥರು, ಡಿಜಿಟಲ್ ಧ್ವನಿಯ ಡಿಕೋಡರಿನ ಬೆಲೆಯನ್ನು ಕೇಳಿ ಬೆಚ್ಚುವರು. ಅಗ್ಗದ್ದನ್ನು ಕೊಂಡವರು ಸ್ವರ ಕೀಚಲೆಂದು ದೂರುವರು. ದೋಷವು ಬಹುಮಟ್ಟಿಗೆ ಸ್ಪೀಕರಿನದೆಂದು ನಮ್ಮ ಅಭಿಪ್ರಾಯ.

ಶಬ್ದವು ಆಕಾಶದ ಗುಣವೆಂದರು ತಾರ್ಕಿಕರು. ಇಲ್ಲಿಯಾದರೋ ಗಾಳಿಯದೇ ಅಧಿಕಾರ. ಸ್ಪೀಕರಿನ ಪೊರೆಯು ಮುಂದಕ್ಕೆ ಗಾಳಿಯನ್ನು ನೂಕುವಾಗಲೇ ಹಿಂದಿನಿಂದ ಸೆಳೆಯುವುದು. ಈ ಎರಡು ಅಲೆಗಳು ಕೂಡಿದರೆ ಒಂದನ್ನೊಂದು ಅಳಿಸುವುವು. ಗಂಭೀರಸ್ವರವೇ ಮೊದಲು ನಷ್ಟ. ಆದಕಾರಣ ಮೊಬೈಲು ಫೋನಿನಲ್ಲಿರುವಂಥ ಕಿರುಸ್ಪೀಕರನ್ನು ತಂದು, ಬೆನ್ನಿಗೆ ಪ್ಲಾಸ್ಟಿಕ್ ಹಾಳೆಯ ಪುಟ್ಟ ಪೆಟ್ಟಿಗೆಯನ್ನು ಅಂಟಿಸಿ, ಸಂದುಗಳನ್ನು ಗಾಳಿಯಾಡದಂತೆ ಮುಚ್ಚತಕ್ಕದ್ದು. ಕಲ್ಲಿದ್ದಲಿನ ಬಂಡಿಯಲ್ಲಿ ಇದಕ್ಕೆ ಸ್ಥಳವುಂಟು. ವೆಚ್ಚವು ಅತ್ಯಲ್ಪ, ಭೇದವೋ ಮಕ್ಕಳ ಕಿವಿಗೂ ಸ್ಪಷ್ಟ.

ಡಿಕೋಡರಿಗೆ 8 ಓಮ್ ಎಂದು ವಿಧಿಸಿದ್ದರೆ 4 ಓಮಿನ ಸ್ಪೀಕರನ್ನು ತೊಡಿಸಕೂಡದು, ಡಿಕೋಡರೇ ಸುಟ್ಟುಹೋದೀತು.