ಸೋತದ್ದು ಸಾರಥಿಯೋ, ಚಕ್ರವೋ?

2005ರ ಸೆಪ್ಟೆಂಬರ್ 4ರಂದು ಮಿಲಾನ್ ಸಮೀಪದ ಮೊಂಜಾದಲ್ಲಿ ಇಟಲಿ ಗ್ರ್ಯಾನ್ ಪ್ರಿ ನಡೆಯಿತು. ಸ್ಪರ್ಧೆ ಮುಗಿದಾಗ ಮೈಕೆಲ್ ಶುಮಾಕರ್ ಹತ್ತನೆಯ ಸ್ಥಾನದಲ್ಲಿದ್ದರು. ಅಂದಿನ ನಿಯಮದ ಪ್ರಕಾರ ಮೊದಲ ಎಂಟು ಮಂದಿಗೆ ಮಾತ್ರ ಪಾಯಿಂಟು. ಫೆರಾರಿ ತಂಡಕ್ಕೆ ಅದು ಸ್ವಂತ ಮನೆಯಂಗಳ. ಕೆಂಪು ಬಾವುಟ ಹಿಡಿದು ಬಂದಿದ್ದ ಸಾವಿರಾರು ಅಭಿಮಾನಿಗಳು ಬರಿಗೈಯಲ್ಲಿ ಹಿಂತಿರುಗಬೇಕಾಯಿತು. ಆ ದಿನ ಕಣಕ್ಕಿಳಿದ ಇಪ್ಪತ್ತು ಕಾರುಗಳೂ ಗುರಿ ಮುಟ್ಟಿದ್ದವು. ಹಾಗಾಗಿ ಎಂಜಿನ್ ಕೆಟ್ಟಿತು, ಗೇರು ಮುರಿಯಿತು ಎಂಬ ಸಬೂಬಿಗೂ ಅವಕಾಶವಿರಲಿಲ್ಲ. ಐದು ವರ್ಷ ಸತತವಾಗಿ ವಿಶ್ವ ಚಾಂಪಿಯನ್ ಆಗಿದ್ದ ವ್ಯಕ್ತಿ ಅಂದು ಸರಳವಾಗಿ, ಎಲ್ಲರ ಕಣ್ಣೆದುರೇ, ನಿಧಾನವಾಗಿದ್ದರು.

ಆ ವರ್ಷ ‘ಶುಮಾಕರ್ ಕಾಲ ಮುಗಿಯಿತು’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತಿತ್ತು. ವಯಸ್ಸು ಮೂವತ್ತಾರು, ಗೆಲ್ಲಬೇಕಾದದ್ದನ್ನೆಲ್ಲ ಗೆದ್ದಾಗಿದೆ, ಹಸಿವು ಉಳಿದಿಲ್ಲ ಎಂದು ಹೇಳಿದವರಲ್ಲಿ ನಾನೂ ಒಬ್ಬ. ಮೊಂಜಾದ ಆ ಸ್ಪರ್ಧೆಯನ್ನು ಟಿ.ವಿ.ಯಲ್ಲಿ ನೋಡಿ ಮುಗಿಸಿದಾಗ ನನ್ನ ಮಾತಿಗೆ ಸಾಕ್ಷಿ ಸಿಕ್ಕಿತೆಂದು ಒಳಗೊಳಗೇ ಬೀಗಿದ್ದೆ. ಆ ತೀರ್ಪು ತಪ್ಪಾಗಿತ್ತು. ತಪ್ಪಿದ್ದು ಎಲ್ಲಿ ಎಂಬುದನ್ನು ಅರಿಯಲು ಅದೇ ಮೊಂಜಾದ ಹಿಂದಿನ ಮತ್ತು ಮುಂದಿನ ವರ್ಷಗಳತ್ತ ನೋಡಬೇಕು.

2004ರಲ್ಲಿ ಮೊಂಜಾದ ಟ್ರ್ಯಾಕು ಆರಂಭದಲ್ಲಿ ಒದ್ದೆಯಾಗಿತ್ತು. ಮೊದಲ ಸುತ್ತಿನಲ್ಲೇ ಶುಮಾಕರ್ ಕಾರು ಗಿರಕಿ ಹೊಡೆದು ಅವರು ಹದಿನೈದನೆಯ ಸ್ಥಾನಕ್ಕೆ ಕುಸಿದರು. ಆದರೂ ಒಬ್ಬೊಬ್ಬರನ್ನೇ ಹಿಂದಿಕ್ಕುತ್ತ ಬಂದು, ಕೊನೆಗೆ ತಮ್ಮದೇ ತಂಡದ ರೂಬೆನ್ಸ್ ಬ್ಯಾರಿಚೆಲ್ಲೊ ಅವರ ಬೆನ್ನಿಗೆ ಎರಡನೆಯವರಾಗಿ ಬಂದರು. ಆ ವರ್ಷದ 18 ಸ್ಪರ್ಧೆಗಳಲ್ಲಿ 13 ಅವರ ಪಾಲಾಗಿದ್ದವು. ಹನ್ನೆರಡು ತಿಂಗಳಲ್ಲಿ ಅಂಥ ಚಾಲಕನೊಬ್ಬ ಚಾಲನೆಯನ್ನೇ ಮರೆಯಲು ಸಾಧ್ಯವೇ?

ಬದಲಾದದ್ದು ನಿಯಮ. 2004ರವರೆಗೆ ಇಂಧನ ತುಂಬಿಸಿಕೊಳ್ಳಲು ಪಿಟ್‌ಗೆ ಬಂದಾಗಲೆಲ್ಲ ಹೊಸ ಟೈರು ಹಾಕಿಕೊಳ್ಳಬಹುದಿತ್ತು. 2005ಕ್ಕೆ ಅದನ್ನು ನಿಲ್ಲಿಸಲಾಯಿತು. ಅರ್ಹತಾ ಸುತ್ತಿಗೂ, ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ಪೂರ್ತಿ ಸ್ಪರ್ಧೆಗೂ ಒಂದೇ ಜೊತೆ ಟೈರು. ಟೈರು ಹಾನಿಗೊಂಡರಷ್ಟೇ ಬದಲಾವಣೆಗೆ ಅವಕಾಶ. ವೇಗವನ್ನು ತಗ್ಗಿಸುವುದು ನಿಯಮದ ಉದ್ದೇಶವಾಗಿತ್ತು. ಫೆರಾರಿಯ ಏಕಸ್ವಾಮ್ಯ ಮುರಿಯುವ ಹುನ್ನಾರವಿದು ಎಂದು ಗುಮಾನಿಪಟ್ಟವರೂ ಇದ್ದರು. ನನಗೆ ಹಾಗನ್ನಿಸುವುದಿಲ್ಲ. ನಿಯಮ ಎಲ್ಲರಿಗೂ ಒಂದೇ ಆಗಿತ್ತು. ಅದಕ್ಕೆ ಕೆಲವರು ಸಿದ್ಧರಾಗಿದ್ದರು, ಕೆಲವರು ಆಗಿರಲಿಲ್ಲ, ಅಷ್ಟೆ.

ಟೈರಿನ ವಿಷಯ ಕ್ಷುಲ್ಲಕವೆಂದು ತೋರಬಹುದು. ಆದರೆ ಎಂಜಿನ್ನಿನ ಬಲವಾಗಲಿ, ಬ್ರೇಕಿನ ಹಿಡಿತವಾಗಲಿ, ಚಾಲಕನ ಕೈಚಳಕವಾಗಲಿ ನೆಲಕ್ಕೆ ತಲುಪುವುದು ಟೈರು ರಸ್ತೆಯನ್ನು ಮುಟ್ಟುವ ನಾಲ್ಕು ಪುಟ್ಟ ಜಾಗಗಳ ಮೂಲಕ ಮಾತ್ರ. ಮೆದು ರಬ್ಬರು ಬೇಗ ಬಿಸಿಯೇರಿ ರಸ್ತೆಗೆ ಅಂಟಿಕೊಳ್ಳುತ್ತದೆ, ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ಬಾಳಿಕೆ ಬರುತ್ತದೆ, ಆದರೆ ಸಾಕಷ್ಟು ಬಿಸಿಯಾಗದಿದ್ದರೆ ಜಾರುತ್ತದೆ. ಜಾರಿದಷ್ಟೂ ಸವೆತ ಹೆಚ್ಚು. ಮೊಂಜಾದಲ್ಲಿ ಇದು ಇನ್ನೂ ಕಠಿಣ. ಉದ್ದನೆಯ ನೇರ ರಸ್ತೆಗಳಲ್ಲಿ ವೇಗ ಸಿಗಲೆಂದು ಕಾರಿನ ರೆಕ್ಕೆಗಳನ್ನು ಅಲ್ಲಿ ಆದಷ್ಟು ಚಪ್ಪಟೆಯಾಗಿಸುತ್ತಾರೆ. ಆಗ ಗಾಳಿ ಕಾರನ್ನು ನೆಲಕ್ಕೆ ಒತ್ತುವ ಬಲ ಕುಗ್ಗುತ್ತದೆ. ಗಂಟೆಗೆ 350 ಕಿ.ಮೀ. ಸಮೀಪದ ವೇಗದಿಂದ ಒಮ್ಮೆಗೇ ಬ್ರೇಕು ಹಾಕುವಾಗ ನೆಚ್ಚಿಕೊಳ್ಳಲು ಉಳಿಯುವುದು ಟೈರೊಂದೇ. 2005ರಲ್ಲಿ ಕಾರುಗಳ ವಾಯುವಿನ್ಯಾಸವನ್ನೂ ನಿಯಮವೇ ಮೊಟಕುಗೊಳಿಸಿತ್ತಾದ್ದರಿಂದ ಹೊರೆಯೆಲ್ಲ ಟೈರಿನ ಮೇಲೆ ಬಿತ್ತು.

ಫೆರಾರಿಯದು ಜಪಾನಿನ ಬ್ರಿಜ್‌ಸ್ಟೋನ್ ಟೈರು. ರೆನೊ, ಮೆಕ್‌ಲಾರೆನ್, ವಿಲಿಯಮ್ಸ್, ಟೊಯೊಟಾ ಸೇರಿದಂತೆ ಏಳು ತಂಡಗಳು ಫ್ರಾನ್ಸಿನ ಮಿಷೆಲಿನ್ ಟೈರು ಬಳಸುತ್ತಿದ್ದವು. ಬ್ರಿಜ್‌ಸ್ಟೋನ್ ಪಾಳೆಯದಲ್ಲಿ ಫೆರಾರಿಯ ಹೊರತಾಗಿ ಉಳಿದಿದ್ದವು ಜೋರ್ಡನ್ ಮತ್ತು ಮಿನಾರ್ಡಿ ಎಂಬ ಎರಡು ಬಡ ತಂಡಗಳು ಮಾತ್ರ. ನನ್ನ ದೃಷ್ಟಿಯಲ್ಲಿ ಶುಮಾಕರ್ ಅವರ ನಿಧಾನಗತಿಯ ಮೂಲ ಇರುವುದು ಇಲ್ಲಿಯೇ. 2004ರವರೆಗೆ ಬ್ರಿಜ್‌ಸ್ಟೋನ್ ತನ್ನ ಟೈರನ್ನು ಹೆಚ್ಚುಕಡಿಮೆ ಫೆರಾರಿಯ ಅಳತೆಗೇ ಹೊಲಿದು ಕೊಡುತ್ತಿತ್ತು. ಸಣ್ಣ ಸಣ್ಣ ಓಟಗಳಿಗೆ ಹೊಸ ಟೈರು, ಮತ್ತೆ ಪಿಟ್, ಮತ್ತೆ ಹೊಸ ಟೈರು ಎಂಬ ತಂತ್ರಕ್ಕೆ ಅದು ಹೇಳಿಮಾಡಿಸಿದಂತಿತ್ತು. 2004ರ ಫ್ರೆಂಚ್ ಗ್ರ್ಯಾನ್ ಪ್ರಿಯಲ್ಲಿ ಶುಮಾಕರ್ ನಾಲ್ಕು ಸಲ ಪಿಟ್‌ಗೆ ಬಂದೂ ಗೆದ್ದಿದ್ದರು! ಒಂಟಿಯಾಗಿರುವುದು ಅಂದು ಫೆರಾರಿಗೆ ವರವಾಗಿತ್ತು. ನಿಯಮ ಬದಲಾದೊಡನೆ ಅದೇ ಶಾಪವಾಯಿತು. ದೂರದ ಓಟಕ್ಕೆ ತಾಳುವ ರಬ್ಬರನ್ನು ಏಳು ತಂಡಗಳ ಅನುಭವದಿಂದ ಮಿಷೆಲಿನ್ ಕಲಿಯುತ್ತಿದ್ದರೆ, ಬ್ರಿಜ್‌ಸ್ಟೋನ್ ಒಂದೇ ತಂಡದಿಂದ ಕಲಿಯಬೇಕಿತ್ತು. 2005ರ 19 ಸ್ಪರ್ಧೆಗಳಲ್ಲಿ 18ನ್ನು ಮಿಷೆಲಿನ್ ಕಾರುಗಳು ಗೆದ್ದವು.

ಚಾಲಕ ಮಂಕಾಗಿರಲಿಲ್ಲ ಎಂಬುದಕ್ಕೆ ಅದೇ ವರ್ಷದಲ್ಲಿ ಪುರಾವೆಯಿದೆ. ಏಪ್ರಿಲ್‌ನಲ್ಲಿ ಇಮೊಲಾದಲ್ಲಿ ಅಪರೂಪಕ್ಕೆ ಟೈರು ಕೈಹಿಡಿದಾಗ, ಹದಿಮೂರನೆಯ ಸ್ಥಾನದಿಂದ ಹೊರಟ ಶುಮಾಕರ್ ಕೊನೆಯ ಸುತ್ತುಗಳಲ್ಲಿ ಫೆರ್ನಾಂಡೊ ಅಲೊನ್ಸೊ ಅವರ ಬೆನ್ನಿಗೆ ಅಂಟಿಕೊಂಡೇ ಓಡಿಸಿ, ಕೇವಲ 0.2 ಸೆಕೆಂಡಿನಿಂದ ಗೆಲುವು ತಪ್ಪಿಸಿಕೊಂಡರು. ಋತುವಿನ ಕೊನೆಗೆ ಅವರಿಗೆ 62 ಪಾಯಿಂಟು, ಅದೇ ಕಾರಿನ ಬ್ಯಾರಿಚೆಲ್ಲೊ ಅವರಿಗೆ 38. ಕರ್ಣನ ರಥದ ಚಕ್ರ ನೆಲದಲ್ಲಿ ಹೂತದ್ದಕ್ಕೆ ಅವನ ಬಿಲ್ವಿದ್ಯೆಯನ್ನು ಯಾರೂ ದೂರಲಿಲ್ಲ. ಶುಮಾಕರ್ ವಿಷಯದಲ್ಲಿ ನಮಗೆ ಆ ತಾಳ್ಮೆ ಇರಲಿಲ್ಲ.

2006ರಲ್ಲಿ ಟೈರು ಬದಲಾವಣೆಗೆ ಮತ್ತೆ ಅನುಮತಿ ಸಿಕ್ಕಿತು. ವಿಲಿಯಮ್ಸ್ ಮತ್ತು ಟೊಯೊಟಾ ಬ್ರಿಜ್‌ಸ್ಟೋನ್ ಪಾಳೆಯಕ್ಕೆ ಬಂದವು. ಮೂವತ್ತೇಳರ ಶುಮಾಕರ್ ಏಳು ಸ್ಪರ್ಧೆ ಗೆದ್ದರು. ಅವುಗಳಲ್ಲಿ ಮೊಂಜಾ ಕೂಡ ಒಂದು, ವರ್ಷಾಂತ್ಯಕ್ಕೆ ನಿವೃತ್ತನಾಗುತ್ತೇನೆಂದು ಪ್ರಕಟಿಸಿದ್ದೂ ಅದೇ ಸಂಜೆ. ಎಂಜಿನ್ ನಿಯಮವೂ ಆ ವರ್ಷ ಬದಲಾಗಿತ್ತು, ಎಲ್ಲ ಶ್ರೇಯಸ್ಸನ್ನೂ ಟೈರಿಗೇ ಕಟ್ಟುವುದು ಸರಿಯಲ್ಲ. ಆದರೆ ವಯಸ್ಸೇ ಕಾರಣವಾಗಿದ್ದರೆ ಅದು ಒಂದು ವರ್ಷ ಹಿಂದಕ್ಕೆ ಓಡಿತೇ?

ಹಾಗೆಂದು ಸದಾ ಯಂತ್ರವನ್ನೇ ದೂರುತ್ತ ಕೂರುವುದೂ ಸಲ್ಲದು. 2010ರಲ್ಲಿ ಇದೇ ಶುಮಾಕರ್ ಮರ್ಸಿಡಿಸ್ ತಂಡಕ್ಕೆ ಮರಳಿ ಬಂದಾಗ ಎಲ್ಲರಿಗೂ ಟೈರು ಒಂದೇ ಕಂಪನಿಯದ್ದಾಗಿತ್ತು. ಅದೇ ಕಾರಿನಲ್ಲಿ ನಿಕೊ ರಾಸ್‌ಬರ್ಗ್ 142 ಪಾಯಿಂಟು ಗಳಿಸಿದರೆ ಶುಮಾಕರ್ 72. ನಲವತ್ತೊಂದರ ಹರೆಯದಲ್ಲಿ ಅವರು ನಿಜಕ್ಕೂ ನಿಧಾನವಾಗಿದ್ದರು. ಒಂದೇ ಕಾರು, ಒಂದೇ ಟೈರು ಇರುವ ಜೊತೆಗಾರನೊಂದಿಗೆ ಹೋಲಿಸಿದಾಗ ಮಾತ್ರ ಇಂಥ ಮಾತನ್ನು ಧೈರ್ಯವಾಗಿ ಹೇಳಬಹುದು.

ನಮ್ಮವರೇ ಆದ ನಾರಾಯಣ್ ಕಾರ್ತಿಕೇಯನ್ ಅವರನ್ನು ನಾವು ಈ ಅಳತೆಯಿಂದ ನೋಡಲಿಲ್ಲ ಎಂಬ ಕೊರಗು ನನಗೆ ಈಗಲೂ ಇದೆ. 2005ರಲ್ಲಿ ಜೋರ್ಡನ್ ಕಾರಿನಲ್ಲಿ ಅವರಿಗೂ ಇದ್ದದ್ದು ಬ್ರಿಜ್‌ಸ್ಟೋನ್ ಟೈರೇ. ಇಂಡಿಯಾನಾಪೊಲಿಸ್‌ನಲ್ಲಿ ಮಿಷೆಲಿನ್ ಟೈರು ಸುರಕ್ಷಿತವಲ್ಲವೆಂದು ಹದಿನಾಲ್ಕು ಕಾರುಗಳು ಹಿಂದೆ ಸರಿದಾಗ, ಉಳಿದ ಆರರಲ್ಲಿ ಶುಮಾಕರ್ ಗೆದ್ದರು. ಅದು ಆ ವರ್ಷದ ಅವರ ಏಕೈಕ ಗೆಲುವು. ನಾರಾಯಣ್ ನಾಲ್ಕನೆಯವರಾಗಿ ಭಾರತಕ್ಕೆ ಮೊದಲ ಪಾಯಿಂಟು ತಂದರು. ಅಂದು ಹೊಗಳಿದವರೇ ಉಳಿದ ಭಾನುವಾರಗಳಲ್ಲಿ ಅವರನ್ನು ಹಿಂದುಳಿದವನೆಂದು ಮೂದಲಿಸಿದರು. 2011ರಲ್ಲಿ ಅವರು ಎಚ್‌ಆರ್‌ಟಿ ತಂಡದೊಂದಿಗೆ ಮರಳಿ ಮೆಲ್ಬರ್ನ್‌ಗೆ ಹೋದಾಗ ಅಗ್ರಗಾಮಿಯ ಸಮಯದ ಶೇ 107ರ ಮಿತಿಯೊಳಗೆ ಬರಲಾಗದೆ ಸ್ಪರ್ಧೆಯಿಂದಲೇ ಹೊರಗುಳಿದರು. ‘ನಮ್ಮವರಿಂದ ಆಗದು’ ಎಂಬ ಉದ್ಗಾರ ಮತ್ತೆ ಕೇಳಿಬಂತು. ಪಕ್ಕದ ಕಾರಿನಲ್ಲಿದ್ದ ಇಟಲಿಯ ಅನುಭವಿ ವಿಟಾಂಟೊನಿಯೊ ಲಿಯುಝಿ ಅವರಿಗೂ ಅಂದು ಆ ಮಿತಿ ದಾಟಲಾಗಿರಲಿಲ್ಲ. ಮರುವರ್ಷ ಅದೇ ಮೆಲ್ಬರ್ನ್‌ನಲ್ಲಿ ನಾರಾಯಣ್ ಜೊತೆಗೆ ಹೊರಗುಳಿದವರು ಸ್ಪೇನಿನ ಹಳಬ ಪೆದ್ರೊ ಡಿ ಲಾ ರೋಸಾ.