ಕಸದ ಗುಡ್ಡ ಎಲ್ಲಿಡುವುದು?

ನಮ್ಮ ಕಾಲೇಜಿನ ಕ್ರೀಡಾ ಕೊಠಡಿಯಲ್ಲಿ ಕೇರಂ ಇದೆ, ಚೆಸ್ ಇದೆ. ಎರಡರಲ್ಲೂ ಒಬ್ಬರು ಗೆಲ್ಲಬೇಕಾದರೆ ಎದುರು ಕುಳಿತವರು ಸೋಲಬೇಕು. ಎಲ್ಲರೂ ಒಟ್ಟಿಗೆ ಗೆಲ್ಲುವ, ಇಲ್ಲವೇ ಒಟ್ಟಿಗೆ ಸೋಲುವ ಒಂದು ಆಟವೂ ಅಲ್ಲಿರಬೇಕು ಎಂಬುದು ನನ್ನ ಅಭಿಪ್ರಾಯ. ಇದನ್ನು ಹೇಳುವಾಗ ಸ್ವಲ್ಪ ನಾಚಿಕೆಯೂ ಆಗುತ್ತದೆ. ಯಾಕೆಂದರೆ ಅಂಥ ಆಟವನ್ನು ಮೊದಲ ಸಲ ಆಡಿದಾಗ ಅದನ್ನು ಹಾಳು ಮಾಡಿದವಳು ನಾನೇ.

ಆಟದ ಹೆಸರು 'ಸಿಟೀಸ್: ಸ್ಕೈಲೈನ್ಸ್'. ಕಂಪ್ಯೂಟರಿನಲ್ಲಿ ಆಡುವವರಿಗೆ ಈ ಹೆಸರು ಗೊತ್ತಿರುತ್ತದೆ. ಫಿನ್ಲೆಂಡಿನ ಟಾಂಪೆರೆ ನಗರದ ಕೊಲೋಸಲ್ ಆರ್ಡರ್ ಎಂಬ ಸಣ್ಣ ಕಂಪನಿ ತಯಾರಿಸಿದ ಈ ಆಟ 2015ರ ಮಾರ್ಚ್‌ನಲ್ಲಿ ಬಂತು. ಖಾಲಿ ಜಾಗದಲ್ಲಿ ರಸ್ತೆ ಎಳೆದು, ಮನೆಗಳಿಗೆ ಹಸಿರು, ಅಂಗಡಿಗಳಿಗೆ ನೀಲಿ, ಕಾರ್ಖಾನೆಗಳಿಗೆ ಹಳದಿ ಎಂದು ಜಾಗ ಗುರುತಿಸಿದರೆ ಜನ ತಾವಾಗಿ ಬಂದು ನೆಲೆಸುತ್ತಾರೆ. ಆಮೇಲೆ ಅವರಿಗೆ ವಿದ್ಯುತ್, ನೀರು, ಶಾಲೆ, ಆಸ್ಪತ್ರೆ ಒದಗಿಸುವುದು ನಮ್ಮ ಕೆಲಸ. ಕೊಳಚೆ ಪೈಪನ್ನು ನದಿಯ ಮೇಲ್ಭಾಗದಲ್ಲಿಟ್ಟು, ಕುಡಿಯುವ ನೀರಿನ ಪಂಪನ್ನು ಕೆಳಭಾಗದಲ್ಲಿಟ್ಟರೆ ಇಡೀ ಊರು ಕಾಯಿಲೆ ಬೀಳುತ್ತದೆ. ನಾನು ಕಟ್ಟಿದ ಮೊದಲ ಊರಿನ ಗತಿ ಹಾಗೆಯೇ ಆಗಿತ್ತು.

2019ರಲ್ಲಿ ಜರ್ಮನಿಯ ಕೋಸ್ಮೋಸ್ ಸಂಸ್ಥೆ ಇದನ್ನು ಮೇಜಿನ ಮೇಲಿನ ಆಟವಾಗಿ ಹೊರತಂದಿತು. ರೂಪಿಸಿದವರು ರುಸ್ತಾನ್ ಹೋಕನ್ಸನ್. ಕಂಪ್ಯೂಟರಿನ ಮುಂದೆ ಒಬ್ಬರೇ ಕುಳಿತು ಆಡುತ್ತಿದ್ದುದನ್ನು ಇಲ್ಲಿ ನಾಲ್ಕು ಜನರವರೆಗೆ ಸೇರಿ ಆಡಬಹುದು. ಎದುರಾಳಿ ಇಲ್ಲ. ಎಲ್ಲರಿಗೂ ಒಂದೇ ಊರು, ಒಂದೇ ಖಜಾನೆ. ಕೈಯಲ್ಲಿರುವ ಕಾರ್ಡುಗಳನ್ನು ಸರದಿಯ ಪ್ರಕಾರ ಆಡುತ್ತಾ, ಹಣ ಲೆಕ್ಕ ಹಾಕುತ್ತಾ, ರಟ್ಟಿನ ತುಂಡುಗಳನ್ನು ಜೋಡಿಸುತ್ತಾ ಹೋಗಬೇಕು. ವಿದ್ಯುತ್ತು, ನೀರು, ಕಸ, ವಾಹನ ದಟ್ಟಣೆ, ಅಪರಾಧ, ಹೀಗೆ ಒಂದೊಂದಕ್ಕೂ ಅಳತೆಯ ಪಟ್ಟಿಯಿದೆ. ಕೊನೆಗೆ ಊರಿನ ಜನ ಎಷ್ಟು ಸಂತೋಷವಾಗಿದ್ದಾರೆ ಎಂಬುದೇ ನಮ್ಮ ಅಂಕ.

ದೊಡ್ಡಮ್ಮನ ಮಗ ದುಬೈಯಿಂದ ಬರುವಾಗ ಇದರ ಪೆಟ್ಟಿಗೆ ತಂದಿದ್ದ. ಜುಲೈ ತಿಂಗಳಲ್ಲಿ ಮಳೆಗೆ ರಜೆ ಕೊಟ್ಟ ಒಂದು ದಿನ ನಾನು, ಪಕ್ಕದ ಬೀದಿಯ ಇಬ್ಬರು ಸಹಪಾಠಿಗಳು ಮತ್ತು ಎಂಟನೆಯ ತರಗತಿಯ ನನ್ನ ತಮ್ಮ ಚಾಪೆ ಹಾಸಿ ಕುಳಿತೆವು. ಹೊರಗೆ ಮಳೆ. ಉಮ್ಮ ಚಾ ಮತ್ತು ನೀರುಳ್ಳಿ ಬಜೆ ತಂದಿಟ್ಟರು. ನಾಲ್ವರಲ್ಲಿ ಕಂಪ್ಯೂಟರ್ ಆಟ ಗೊತ್ತಿದ್ದವಳು ನಾನೊಬ್ಬಳೇ. ಆದ್ದರಿಂದ ಸಹಜವಾಗಿ ನಾನು ಮೇಯರ್ ಆದೆ. ಯಾರೂ ಮತ ಹಾಕಿರಲಿಲ್ಲ.

"ಆ ಕಾರ್ಡ್ ಬೇಡ, ಇದನ್ನು ಆಡು." "ಅಲ್ಲಿ ಬೇಡ, ಇಲ್ಲಿಡು." "ಈಗ ಮನೆ ಕಟ್ಟಿದರೆ ಕರೆಂಟ್ ಸಾಲುವುದಿಲ್ಲ, ಮೊದಲು ಸ್ಥಾವರ." ನಾನು ಹೇಳಿದ್ದರಲ್ಲಿ ಹೆಚ್ಚಿನದು ಸರಿಯೇ ಇತ್ತು, ಅದೇ ತೊಂದರೆ. ಅರ್ಧ ಗಂಟೆಯಲ್ಲಿ ಊರು ಚೆನ್ನಾಗಿ ಬೆಳೆದಿತ್ತು, ತಮ್ಮ ಬಜೆ ತಿನ್ನುವುದರಲ್ಲಿ ಮುಳುಗಿದ್ದ, ಒಬ್ಬಳು ಗೆಳತಿ ಮೊಬೈಲ್ ನೋಡುತ್ತಿದ್ದಳು. ಇನ್ನೊಬ್ಬಳು ತನ್ನ ಕಾರ್ಡುಗಳನ್ನು ನನ್ನ ಕಡೆ ತಿರುಗಿಸಿ, "ನೀನೇ ತೆಗೆದುಕೋ ಮಾರಾಯ್ತಿ, ಯಾವುದು ಬೇಕೋ" ಅಂದಳು. ಅವಳ ಸ್ವರ ನನಗೆ ಆಗ ಅರ್ಥವಾಗಲಿಲ್ಲ.

ಕಸದ ಪಟ್ಟಿ ಮೇಲೇರುತ್ತಿತ್ತು. ಕಸ ಹಾಕುವ ಜಾಗ ಬೇಕು. ಆ ಕಾರ್ಡ್ ಅವಳ ಕೈಯಲ್ಲೇ ಇತ್ತು. ಊರಿನ ಅಂಚಿನಲ್ಲಿ, ಹಸಿರು ಮನೆಗಳ ಹಿಂದೆ ಒಂದು ಖಾಲಿ ಜಾಗ ತೋರಿಸಿ "ಅಲ್ಲಿಡು, ಅಂಕಕ್ಕೇನೂ ನಷ್ಟವಿಲ್ಲ" ಎಂದೆ. ಅವಳು ಇಡಲಿಲ್ಲ. "ಮೇಲೆ ಕಸ, ಕೆಳಗೆ ಮನೆ. ಮಳೆ ಬಂದರೆ?" ಎಂದು ಕೇಳಿದಳು. "ಈ ಆಟದಲ್ಲಿ ಮಳೆ ಇಲ್ಲ" ಎಂದು ನಾನು ನಕ್ಕೆ. ಅವಳು ನಗಲಿಲ್ಲ.

2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಭಾರೀ ಮಳೆಗೆ ಜರಿದು ಕೆಳಗಿನ ಮಂದಾರದ ಮೇಲೆ ಹರಿದದ್ದು ನಿಮಗೆ ನೆನಪಿರಬಹುದು. ಮನೆಗಳು, ಅಡಿಕೆ ಮತ್ತು ತೆಂಗಿನ ತೋಟಗಳು ಕಸದ ಅಡಿಯಾದವು, ಜನ ಮನೆ ಬಿಡಬೇಕಾಯಿತು. ಗೆಳತಿಯ ಮಾಮಿಗೆ ಆ ಕಡೆಯೇ ತೋಟವಿತ್ತು. ಮೂರು ವರ್ಷ ಒಟ್ಟಿಗೆ ಓದುತ್ತಿದ್ದರೂ ನನಗಿದು ಗೊತ್ತಿರಲಿಲ್ಲ. ಆ ದಿನ ಮೊದಲ ಸಲ ಅವಳು ಐದು ನಿಮಿಷ ಎಡೆಬಿಡದೆ ಮಾತಾಡಿದಳು. ವಾಸನೆಯ ಬಗ್ಗೆ, ಬಾವಿಯ ನೀರಿನ ಬಗ್ಗೆ, ಮಾಮಿ ಈಗಲೂ ಜೋರು ಮಳೆಯ ರಾತ್ರಿ ನಿದ್ದೆ ಮಾಡದಿರುವ ಬಗ್ಗೆ. ಮೊಬೈಲ್ ನೋಡುತ್ತಿದ್ದವಳು ಅದನ್ನು ಕೆಳಗಿಟ್ಟಳು. ಆಟ ಅಲ್ಲಿಗೇ ನಿಂತಿತು.

ಇಂಥ ಆಟಗಳನ್ನು ಆಡುವವರ ನಡುವೆ ನನ್ನಂಥವರಿಗೆ ಒಂದು ಹೆಸರೇ ಇದೆಯಂತೆ: 'ಆಲ್ಫಾ ಪ್ಲೇಯರ್'. 2008ರಲ್ಲಿ ಬಂದ, ರೋಗಗಳು ಹರಡುವುದನ್ನು ಎಲ್ಲರೂ ಸೇರಿ ತಡೆಯುವ 'ಪ್ಯಾಂಡೆಮಿಕ್' ಎಂಬ ಪ್ರಸಿದ್ಧ ಆಟದ ಮೇಲೂ ಇದೇ ದೂರು ಇದೆ. ಹೆಚ್ಚು ತಿಳಿದವರೊಬ್ಬರು ಎಲ್ಲರ ಸರದಿಯನ್ನೂ ತಾವೇ ಆಡಿಬಿಡುತ್ತಾರೆ, ಉಳಿದವರು ಅವರ ಕೈಗಳಾಗುತ್ತಾರೆ. ನಮ್ಮ ತರಗತಿಯ ಗುಂಪು ಪ್ರಾಜೆಕ್ಟುಗಳನ್ನು ನೋಡಿ. ಐದು ಹೆಸರು, ಒಬ್ಬಳ ಕೈಬರಹ. ಅಂಕ ಬರುತ್ತದೆ ಎಂದು ಯಾರೂ ತಕರಾರು ಮಾಡುವುದಿಲ್ಲ.

ಆಟದಲ್ಲೂ ಒಂದು ಕೊರತೆ ಇದೆ ಎಂದು ನನಗನಿಸುತ್ತದೆ. ಇಡೀ ಊರಿನ ಸಂತೋಷ ಒಂದೇ ಸಂಖ್ಯೆ. ಹೊಸ ಉದ್ಯಾನದ ಪಕ್ಕದವರ ಸಂತೋಷ, ಕಸದ ಪಕ್ಕದವರ ದುಃಖ ಎರಡನ್ನೂ ಕೂಡಿಸಿ ಕಳೆದು ಒಂದು ಅಂಕ. ಆ ಅಂಕ ಮೇಲೆ ಹೋದರೆ ಸಾಕು, ಮೇಯರ್ ಗೆದ್ದ ಹಾಗೆ. ಕಂಪ್ಯೂಟರಿನಲ್ಲಾದರೋ ಮನೆಯೊಂದನ್ನು ಬುಲ್ಡೋಜರ್ ಒತ್ತಿ ಅಳಿಸಿದರೆ ಅಲ್ಲಿದ್ದವರು ಕಾಣೆಯಾಗುತ್ತಾರೆ, ಯಾರೂ ಅರ್ಜಿ ಹಿಡಿದು ಬರುವುದಿಲ್ಲ. ನಾನು ಅದೆಷ್ಟು ಮನೆ ಅಳಿಸಿದ್ದೇನೋ, ರಸ್ತೆ ನೇರವಾಗಲಿ ಅಂತ.

ಆದರೂ ಮೇಜಿನ ಆಟವೇ ಮೇಲು ಎನ್ನುತ್ತೇನೆ. ಕಾರಣ ರಟ್ಟು, ಕಾರ್ಡುಗಳಲ್ಲ. ಎದುರಿಗೆ ಕುಳಿತವಳು ತುಂಡನ್ನು ಕೈಯಲ್ಲಿ ಹಿಡಿದು "ಇಡುವುದಿಲ್ಲ" ಎನ್ನಬಹುದು. ಪರದೆಯ ಮುಂದೆ ನನ್ನನ್ನು ಯಾರೂ ಹಾಗೆ ತಡೆದಿರಲಿಲ್ಲ. ಇದು ಬರೀ ಮಕ್ಕಳಾಟವಲ್ಲ ಎನ್ನುವುದಕ್ಕೆ ಒಂದು ಉದಾಹರಣೆ ಕೊಡಬಹುದು. ವಿಶ್ವಸಂಸ್ಥೆಯ ಯುಎನ್-ಹ್ಯಾಬಿಟ್ಯಾಟ್ 2012ರಿಂದ 'ಮೈನ್‌ಕ್ರಾಫ್ಟ್' ಆಟವನ್ನು ಬಡಾವಣೆಯ ಜನರ ಕೈಗೆ ಕೊಟ್ಟು, ತಮ್ಮ ಮೈದಾನ, ಬೀದಿ ಹೇಗಿರಬೇಕೆಂದು ಅವರಿಂದಲೇ ಕಟ್ಟಿಸಿ ನೋಡುತ್ತಿದೆ. ನೈರೋಬಿಯ ಕಿಬೇರಾದಂಥ ಕಡೆ ಇದು ನಡೆದಿದೆ. ನಮ್ಮಲ್ಲೂ ಸಂವಿಧಾನದ 74ನೆಯ ತಿದ್ದುಪಡಿ ಮೂರು ಲಕ್ಷಕ್ಕಿಂತ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿ ಇರಬೇಕೆಂದು ಹೇಳುತ್ತದೆ. ರಾಜ್ಯಶಾಸ್ತ್ರದವರಿಗೆ ಇದು ಗೊತ್ತು. ವಿಜ್ಞಾನದವಳಾದ ನಾನು ಆ ಸಂಜೆ ಹುಡುಕಿ ಓದಿದೆ.

ಸಿಇಟಿ, ನೀಟ್ ಇರುವಾಗ ಒಂದು ಗಂಟೆ ಆಟಕ್ಕೆ ಎಲ್ಲಿಂದ ತರುವುದು ಎಂದು ಕೆಲವರು ಕೇಳಿಯಾರು. ಆ ಗಂಟೆ ನಮ್ಮ ಬಳಿ ಇದೆ. ಬಿಡುವಿನ ಅವಧಿಯಲ್ಲಿ ನಾವೆಲ್ಲ ಏನು ನೋಡುತ್ತಾ ಕೂರುತ್ತೇವೆಂದು ನಮಗೇ ಗೊತ್ತು. ಬೆಲೆಯ ಮಾತಾದರೆ, ಪೆಟ್ಟಿಗೆ ಅಗ್ಗದ್ದಲ್ಲ, ನಿಜ. ನಮ್ಮ ಮನೆಯದನ್ನು ಒಂದು ತಿಂಗಳ ಮಟ್ಟಿಗೆ ಕ್ರೀಡಾ ಕೊಠಡಿಗೆ ಕೊಡಲು ನಾನು ಸಿದ್ಧ. ತಮ್ಮನನ್ನು ಒಪ್ಪಿಸಬೇಕಷ್ಟೇ.

ಕೊಡುವುದಾದರೆ ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸುತ್ತೇನೆ. ಇದು ಗೆಳತಿ ಮಾಡಿದ ನಿಯಮ: ಕಾರ್ಡ್ ಯಾರ ಕೈಯಲ್ಲಿದೆಯೋ ಅವರು ಮಾತಾಡುವ ತನಕ ಉಳಿದವರು ಬಾಯಿ ಬಿಡಬಾರದು.

ಈ ನಿಯಮ ಹಾಕಿಕೊಂಡು ಮುಂದಿನ ಭಾನುವಾರ ಮತ್ತೆ ಆಡಿದೆವು. ಕಸಕ್ಕೆ ಎಲ್ಲಿ ಜಾಗ ಎಂಬ ಒಂದೇ ವಿಷಯಕ್ಕೆ ಇಪ್ಪತ್ತು ನಿಮಿಷ ಚರ್ಚೆ ನಡೆಯಿತು. ಕೊನೆಗೆ ತಮ್ಮ ಹೇಳಿದ ಕಡೆ, ಕಾರ್ಖಾನೆಗಳ ಮಧ್ಯೆ ಇಟ್ಟೆವು. ಅಲ್ಲಿ ಒಂದು ಒಳ್ಳೆಯ ಕಾರ್ಖಾನೆಯ ಜಾಗ ಕಳೆದುಕೊಂಡೆವು. ಸಂತೋಷದ ಅಂಕ ಮೊದಲ ದಿನ ನಾನು ಲೆಕ್ಕ ಹಾಕಿದ್ದಕ್ಕಿಂತ ತುಂಬಾ ಕಡಿಮೆ ಬಂತು. ಪೆಟ್ಟಿಗೆ ಮುಚ್ಚುವಾಗ ಗೆಳತಿ, "ಬರುವ ವಾರ ಬಿಡುವುಂಟಾ?" ಎಂದು ಕೇಳಿದಳು.