ಊಟಿಗೆ ಇನ್ನೊಂದು ಟಿಕೆಟ್ ಕೌಂಟರ್ ಬೇಡ

ಊಟಿ ಬಸ್ ನಿಲ್ದಾಣದ ಮಗ್ಗುಲಲ್ಲಿರುವ ರೇಸ್ ಕೋರ್ಸನ್ನು ತಮಿಳುನಾಡು ಸರ್ಕಾರ 2024ರ ಜುಲೈನಲ್ಲಿ ಮದ್ರಾಸ್ ರೇಸ್ ಕ್ಲಬ್ಬಿನ ಕೈಯಿಂದ ಬಿಡಿಸಿಕೊಂಡಿತು. ಸುಮಾರು 52 ಎಕರೆ ಜಾಗ. ಗುತ್ತಿಗೆ ಬಾಕಿ 822 ಕೋಟಿ ರೂಪಾಯಿ ಎಂಬುದು ಸರ್ಕಾರದ ಲೆಕ್ಕ. ಜನರ ನೆಲ ಜನರಿಗೆ ಮರಳಿದ್ದು ನ್ಯಾಯವೇ. ಆದರೆ ಗೇಟಿಗೆ ಬೀಗ ಬಿದ್ದ ಬೆನ್ನಿಗೇ ಜಾಗ ತೋಟಗಾರಿಕೆ ಇಲಾಖೆಗೆ ಹೋಯಿತು, ‘ಇಕೋ ಪಾರ್ಕ್’ ಮಾತು ಶುರುವಾಯಿತು. ನನ್ನ ತಕರಾರು ಇಲ್ಲಿದೆ. ಈ ನೆಲ ಊರಿನವರಿಗೆ ಬಯಲಾಗಿಯೂ ಮಳೆನೀರಿಗೆ ದಾರಿಯಾಗಿಯೂ ಉಳಿಯಬೇಕು. ಪ್ರವಾಸಿಗಳಿಂದ ದುಡ್ಡೆತ್ತುವ ಮತ್ತೊಂದು ತಾಣ ಆಗಕೂಡದು.

ಊಟಿಯಲ್ಲಿ ಪಾರ್ಕುಗಳಿಗೇನೂ ಬರವಿಲ್ಲ. 1848ರಲ್ಲಿ ಆರಂಭವಾಗಿ ಮೆಕೈವರ್ ಕೈಯಲ್ಲಿ ರೂಪುಗೊಂಡ ಬೊಟಾನಿಕಲ್ ಗಾರ್ಡನ್ ಇದೆ. 1995ರ ಗುಲಾಬಿ ತೋಟವಿದೆ. ಕೂನೂರಿನಲ್ಲಿ 1874ರ ಸಿಮ್ಸ್ ಪಾರ್ಕ್ ಇದೆ. ಫರ್ನ್‌ಹಿಲ್ಲಿನಲ್ಲಿ ನಮ್ಮದೇ ತೋಟಗಾರಿಕೆ ಇಲಾಖೆಯ 38 ಎಕರೆಯ ‘ಕರ್ನಾಟಕ ಸಿರಿ’ ಉದ್ಯಾನವಿದೆ. ಎಲ್ಲದರ ಬಾಗಿಲಲ್ಲೂ ಟಿಕೆಟ್. ಮೇ ತಿಂಗಳು ಬಂತೆಂದರೆ ಪುಷ್ಪ ಪ್ರದರ್ಶನಕ್ಕೆ ಸಾವಿರಾರು ಹೂಕುಂಡಗಳು ಗ್ಯಾಲರಿ ಏರುತ್ತವೆ. ಹುಲ್ಲುಹಾಸು ಕೆಡದಿರಲೆಂದು ಸುತ್ತ ಹಗ್ಗ ಬೀಳುತ್ತದೆ. ಹೊರಗೆ ಚೇರಿಂಗ್ ಕ್ರಾಸ್‌ನಲ್ಲಿ ಕೆಎ ನಂಬರಿನ ಕಾರುಗಳು ಒಂದರ ಹಿಂದೆ ಒಂದು ನಿಂತಿರುತ್ತವೆ. ಆಸ್ಪತ್ರೆಗೆ ಹೊರಟವರೂ ಕೇತ್ತಿ ಕಡೆಯ ಕ್ಯಾರೆಟ್ ಲಾರಿಯೂ ಅದೇ ಸಾಲಿನಲ್ಲಿ ಸಿಕ್ಕಿಕೊಳ್ಳಬೇಕು. ಸಂಜೆ ಹೊತ್ತು ಮೊಮ್ಮಕ್ಕಳನ್ನು ಕರೆದುಕೊಂಡು ಸುಮ್ಮನೆ ಕೂತು ಬರಲು ಊರಿನ ಅಜ್ಜಿಗೆ ಟಿಕೆಟ್ ಇಲ್ಲದ ಜಾಗ ಎಲ್ಲಿದೆ?

ಈ ಗುಡ್ಡದ ಊರು ಎಷ್ಟು ಹೊರೆ ಹೊರಬಲ್ಲದು ಎಂಬ ಪ್ರಶ್ನೆ ಹೈಕೋರ್ಟ್ ಮೆಟ್ಟಿಲೇರಿ ಆಗಿದೆ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಇ-ಪಾಸ್ ಬಂತು. 2025ರ ಏಪ್ರಿಲ್‌ನಿಂದ ಸೀಸನ್ ದಿನಗಳಲ್ಲಿ ವಾರದ ನಡುವೆ 6,000, ವಾರಾಂತ್ಯದಲ್ಲಿ 8,000 ಪ್ರವಾಸಿ ವಾಹನಗಳ ಮಿತಿ ಬಿತ್ತು. ಕಲ್ಲಾರ್, ಕಕ್ಕನಲ್ಲ ಚೆಕ್‌ಪೋಸ್ಟುಗಳಲ್ಲಿ ವಾಹನ ಎಣಿಸುತ್ತಾ, ಊರ ನಡುವೆ ಹೊಸ ಆಕರ್ಷಣೆ ಕಟ್ಟುವುದು ಯಾವ ಲೆಕ್ಕಾಚಾರ?

ಇನ್ನು ನೀರಿನ ಮಾತು. ಜಾನ್ ಸಲಿವನ್ 1820ರ ದಶಕದಲ್ಲಿ ಕಟ್ಟಿಸಿದ ಊಟಿ ಕೆರೆ ಈಗಿನದಕ್ಕಿಂತ ಬಹಳ ದೊಡ್ಡದಿತ್ತು. ಅದರ ಅಂಗಳ ಬತ್ತುತ್ತಾ ಹೋದಂತೆ ಅಲ್ಲಿ ಮಾರುಕಟ್ಟೆ, ಬಸ್ ನಿಲ್ದಾಣ, ರೇಸ್ ಕೋರ್ಸ್ ಬಂದವು. ಪೇಟೆಯ ಕೊಳೆನೀರು ಹೊತ್ತ ಕೋಡಪ್ಪಮಂದ್ ಕಾಲುವೆ ಇಂದೂ ಆ ಕಡೆಯಿಂದಲೇ ಕೆರೆ ಸೇರುತ್ತದೆ. ಜೋರು ಮಳೆ ಹೊಡೆದರೆ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ನೆಲ ತನ್ನ ಹಳೆಯ ಕೆಲಸವನ್ನು ಮರೆತಿಲ್ಲ. ಆ ತಗ್ಗಿನಲ್ಲಿ ಕಾಂಕ್ರೀಟ್ ಹಾದಿ, ಕಾರಂಜಿ, ಪಾರ್ಕಿಂಗ್ ಹಾಸಿ ‘ಇಕೋ’ ಎಂದು ಬೋರ್ಡ್ ಹಾಕಿದರೆ ನೀರು ಅಂಗಡಿ ಮನೆಗಳಿಗೇ ನುಗ್ಗುತ್ತದೆ.

ಟಿಕೆಟ್ ಇಲ್ಲದಿದ್ದರೆ ನಿರ್ವಹಣೆಗೆ ದುಡ್ಡೆಲ್ಲಿಂದ, ಕಸ ತುಂಬುವುದಿಲ್ಲವೇ ಎಂದು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಟಿಕೆಟ್ ದುಡ್ಡು ಬರುವ ಪಾರ್ಕುಗಳ ಸ್ಥಿತಿ ನೋಡಿ. ಕಳೆ ಕಿತ್ತು, ಕುಂಡ ಹೊತ್ತು ಅವುಗಳನ್ನು ಚೆಂದಗಾಣಿಸುವ ದಿನಗೂಲಿ ಕಾರ್ಮಿಕರು ಕೆಲಸ ಕಾಯಂ ಮಾಡಿ ಎಂದು 2023ರಲ್ಲಿ ಮುಷ್ಕರ ಕೂರಬೇಕಾಯಿತು. ದುಡ್ಡು ಬಂದಾಕ್ಷಣ ನಿರ್ವಹಣೆ ನೆಟ್ಟಗಾಗುವುದಿಲ್ಲ ಎನ್ನಲು ಇಷ್ಟು ಸಾಕು. ಬಯಲಿಗೆ ಬೇಕಾದ ಖರ್ಚು ಪ್ರದರ್ಶನದ ತೋಟಕ್ಕೆ ಬೇಕಾದಷ್ಟು ಇರುವುದೂ ಇಲ್ಲ. ಹುಲ್ಲು, ಕುಡಿಯುವ ನೀರು, ಶೌಚಾಲಯ, ಕಾವಲು, ಕಸ ಎತ್ತುವ ಕೈ ಇದ್ದರೆ ಆಯಿತು. ಉಳಿದ ಪಾರ್ಕುಗಳ ಗಳಿಕೆಯ ಒಂದು ಪಾಲನ್ನು ಇದಕ್ಕೆ ಮೀಸಲಿಡಲಿ.

ಪಾರ್ಕು ಯಾರ ಸ್ವತ್ತು ಎಂಬುದನ್ನು ಬೆಂಗಳೂರಿನವರು ಸುಪ್ರೀಂ ಕೋರ್ಟಿನವರೆಗೂ ಹೋಗಿ ಕೇಳಿದ್ದಾರೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಬಿಡಿಎ ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ನಿವಾಸಿಗಳು ಸುಮ್ಮನಿರಲಿಲ್ಲ. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ನಡುವಿನ ಆ ಪ್ರಕರಣದಲ್ಲಿ 1991ರಲ್ಲಿ ತೀರ್ಪು ನಿವಾಸಿಗಳ ಪರ ಬಂತು. ಬಡಾವಣೆಯ ಬಯಲಿನ ಬಗ್ಗೆ ಅಲ್ಲಿ ವಾಸಿಸುವವರಿಗೆ ಮಾತಾಡುವ ಹಕ್ಕಿದೆ ಎಂಬುದು ಅಂದೇ ಗಟ್ಟಿಯಾಯಿತು. ಊಟಿಯವರಿಗೂ ಆ ಹಕ್ಕು ಸಲ್ಲಬೇಕು.

ಆದ್ದರಿಂದ ಸರ್ಕಾರ ಮೊದಲು ಯೋಜನೆಯ ನಕ್ಷೆಯನ್ನು ಊರಿನವರ ಮುಂದೆ ಬಿಚ್ಚಿಡಲಿ. ಬಡಗರ ಹಟ್ಟಿಗಳವರು, ತೋಡರ ಮಂದ್‌ಗಳವರು, ಮಾರುಕಟ್ಟೆಯ ವ್ಯಾಪಾರಿಗಳು, ಪಾರ್ಕಿನ ಕೂಲಿಕಾರರು ಕೂತು ಮಾತಾಡಲಿ. ಕಾಲುವೆಗೆ ಕೊಳೆನೀರು ಸೇರುವುದನ್ನು ನಿಲ್ಲಿಸಿ, ತಗ್ಗನ್ನು ಜೌಗಾಗಿಯೇ ಬಿಡಲಿ. ಉಳಿದ ಜಾಗ ಬೆಳಗಿನಿಂದ ಸಂಜೆಯವರೆಗೆ ಎಲ್ಲರಿಗೂ ಪುಕ್ಕಟೆ ತೆರೆದಿರಲಿ. ಊಟಿಗೆ ಬರುವ ಪ್ರವಾಸಿಗಳಲ್ಲಿ ಕರ್ನಾಟಕದವರ ಪಾಲು ದೊಡ್ಡದು. ಹಾಗಾಗಿ ಈ ಒತ್ತಾಯಕ್ಕೆ ನಾವೂ ದನಿ ಸೇರಿಸಬೇಕು. ನಾವು ಎರಡು ದಿನ ಇದ್ದು ಹೋಗುವ ಊರಿನಲ್ಲಿ ಬಾಳಪೂರ್ತಿ ಬದುಕುವವರಿಗೆ ಒಂದು ಬಯಲಾದರೂ ಸ್ವಂತಕ್ಕಿರಲಿ.